ಅಡುಗೆಮನೆಗೂ ಒಂದು ದನಿ

ರೇಡಿಯೋವನ್ನು ಕೇಳುತ್ತೇವೆ, ಟೀವಿಯನ್ನು ನೋಡುತ್ತೇವೆ. ನಮ್ಮ ಮಾತು ಎರಡಕ್ಕೂ ಬೇರೆ ಬೇರೆ ಕ್ರಿಯಾಪದಗಳನ್ನು ಹಂಚಿಕೊಟ್ಟುಬಿಟ್ಟಿದೆ. ಸರ್ಕಾರ ಇಟ್ಟ ಹೆಸರೂ 'ದೂರದರ್ಶನ'ವೇ. ದೂರದ್ದು ಕಾಣಬೇಕು, ಅಷ್ಟೆ. ಕೇಳುವ ಸುದ್ದಿ ಆ ಹೆಸರಿನಲ್ಲಿಲ್ಲ. ಆದರೆ ಸ್ವಲ್ಪ ನೆನಪು ಮಾಡಿಕೊಳ್ಳಿ, ನಮ್ಮಂಥ ಊರುಗಳಲ್ಲಿ ಸಂಸಾರ ಮಾಡಿದ ಹೆಂಗಸರು ಟೀವಿಯನ್ನು ನೋಡಿದ್ದೆಷ್ಟು, ಕೇಳಿದ್ದೆಷ್ಟು? ಸಾರಿಗೆ ಒಗ್ಗರಣೆ ಹಾಕುತ್ತಾ, ಮುದ್ದೆ ತೊಳಸುತ್ತಾ, ಪಾತ್ರೆ ತಿಕ್ಕುತ್ತಾ, ನಡುಮನೆಯಿಂದ ತೇಲಿಬಂದ ದನಿಯನ್ನೇ ಹಿಡಿದುಕೊಂಡು ಧಾರಾವಾಹಿಯ ಕಥೆಯನ್ನು ಮನಸ್ಸಿನಲ್ಲೇ ಕಟ್ಟಿಕೊಂಡವರು ನಾವು. ಯಾರೋ ಅತ್ತ ಸದ್ದಾದರೆ ಸೌಟು ಹಿಡಿದೇ ಬಾಗಿಲಿಗೆ ಬಂದು ಇಣುಕಿ, ಹಾಲು ಉಕ್ಕುವ ಮೊದಲು ವಾಪಸು ಓಡಿದವರು.

ಟೀವಿಯ ಚರಿತ್ರೆ ಎಂದರೆ ಸಾಮಾನ್ಯವಾಗಿ ಪರದೆಯ ಚರಿತ್ರೆ. ಕಪ್ಪುಬಿಳುಪು ಹೋಗಿ ಬಣ್ಣ ಬಂತು, ಇಪ್ಪತ್ತು ಇಂಚು ಹೋಗಿ ನಲವತ್ತು ಬಂತು, ಪೆಟ್ಟಿಗೆ ಹೋಗಿ ಹಲಗೆ ಬಂತು. ಅದರ ದನಿ ಏನಾಯಿತು, ಅದನ್ನು ಸರಿಪಡಿಸಲು ಮನೆಮನೆಗಳಲ್ಲಿ ಯಾರು ಏನೇನು ಪಾಡುಪಟ್ಟರು ಎಂದು ಬರೆದದ್ದನ್ನು ನಾನು ಓದಿದ್ದು ಕಡಿಮೆ. ಅದೊಂದು ಸಣ್ಣ ಕಥೆ. ಆದರೆ ಮನೆಯೊಳಗೆ ಯಾರಿಗೆ ಏನು ಕೇಳಿಸಬೇಕು, ಯಾರಿಗೆ ಕೇಳಿಸದಿದ್ದರೂ ನಡೆಯುತ್ತದೆ ಎಂಬ ದೊಡ್ಡ ಕಥೆಯೂ ಅದರೊಳಗಿದೆ.

ಮೊದಲು ರೇಡಿಯೋದಿಂದಲೇ ಹೊರಡಬೇಕು. ನಮ್ಮ ನಾಡಿನಲ್ಲಿ ಬಾನುಲಿ ಹುಟ್ಟಿದ್ದೇ ಒಂದು ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ಶುರುಮಾಡಿದರು. ಅದಕ್ಕಿದ್ದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರು ನಿಂತಿತು. ವಾಣಿ ಎಂದರೆ ದನಿ. ಆ ಕಾಲದ ರೇಡಿಯೋಗಳೂ ಹೆಸರಿಗೆ ತಕ್ಕಂತಿದ್ದವು. ನನ್ನ ತವರುಮನೆಯಲ್ಲಿದ್ದ ವಾಲ್ವ್ ರೇಡಿಯೋ ಒಂದು ಸಣ್ಣ ಬೀರುವಿನಷ್ಟು ಗಂಭೀರವಾಗಿತ್ತು. ಮರದ ದಪ್ಪ ಪೆಟ್ಟಿಗೆ, ಮುಂಭಾಗದಲ್ಲಿ ಬಟ್ಟೆ ಹೊದೆಸಿದ ದೊಡ್ಡ ಸ್ಪೀಕರು. ಅದು ಕೇಳುವವರ ಮುಖಕ್ಕೇ ಮುಖಕೊಟ್ಟು ಮಾತಾಡುತ್ತಿತ್ತು. ಹಿಂಬದಿಯಲ್ಲಿ ಇನ್ನೊಂದು ಸ್ಪೀಕರ್ ಸಿಕ್ಕಿಸಲು ಎರಡು ತೂತುಗಳಿದ್ದವು. ಅಂದರೆ, ಒಂದು ಕೋಣೆಯ ದನಿಯನ್ನು ಇನ್ನೊಂದು ಕೋಣೆಗೆ ಒಯ್ಯಬೇಕೆನ್ನುವ ಯೋಚನೆ ರೇಡಿಯೋ ಮಾಡಿದವರಿಗೆ ಆಗಲೇ ಹೊಳೆದಿತ್ತು.

ಈ ಸ್ಪೀಕರ್ ಎಂಬುದರ ಗುಟ್ಟೂ ಅಂಥದ್ದೇನಲ್ಲ. ಒಂದು ಅಯಸ್ಕಾಂತ, ಅದರ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆ ಕಾಗದ ಹಿಂದೆ ಮುಂದೆ ಅಲುಗುತ್ತದೆ. ಕಾಗದ ಅಲುಗಿದಂತೆ ಗಾಳಿ ಅಲುಗುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಇದನ್ನು ಈಗಿನ ರೂಪಕ್ಕೆ ತಂದರು. ಅಂದಿನಿಂದ ಇಂದಿನವರೆಗೆ ಮೂಲತತ್ವ ಅದೇ. ನೂರು ವರ್ಷದ ಹಿಂದಿನ ಒನಕೆಯೂ ಇಂದಿನ ಒನಕೆಯೂ ಒಂದೇ ಇದ್ದ ಹಾಗೆ.

ಈಗ ಟೀವಿಗೆ ಬರೋಣ. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಬೆಂಗಳೂರಿಗಲ್ಲ ಎಂಬುದು ಎಷ್ಟೋ ಜನರಿಗೆ ಮರೆತಿದೆ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸುವ 'ಸೈಟ್' ಎಂಬ ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ಅದು ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆಯ ಹಳ್ಳಿಗಳಿಗೆ ಸಿಕ್ಕಿತು. ಊರಿಗೆಲ್ಲ ಒಂದೇ ಟೀವಿ, ಅದರ ಮುಂದೆ ಊರಿಗೆ ಊರೇ. ಆ ಉಪಗ್ರಹ ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಲ್ಲದಾಗಿತ್ತು. ಒಂದೇ ಚಿತ್ರವನ್ನು ಇಬ್ಬರು ಎರಡು ಭಾಷೆಗಳಲ್ಲಿ ಕೇಳಬಹುದಾದ ಏರ್ಪಾಡು. ನೋಡುವುದು ಒಂದೇ ಆದರೂ ಕೇಳುವುದು ಅವರವರ ಭಾಷೆಯಲ್ಲೇ ಆಗಬೇಕೆಂದು ಯಾರೋ ಯೋಚಿಸಿದ್ದರಲ್ಲ, ಅವರಿಗೊಂದು ನಮಸ್ಕಾರ. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿನಲ್ಲಿ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷ, 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣ ಬಂತು.

ಇಲ್ಲೊಂದು ತಮಾಷೆಯಿದೆ. ಮನೆಯ ರೇಡಿಯೋಗೆ ಬರುತ್ತಿದ್ದುದು ಮೀಡಿಯಂ ವೇವ್. ಅದರಲ್ಲಿ ತೀಕ್ಷ್ಣ ಸ್ವರಗಳು ದಾರಿಯಲ್ಲೇ ಸೋರಿಹೋಗುತ್ತಿದ್ದವು. ಟೀವಿಯ ದನಿ ಬರುತ್ತಿದ್ದುದು ಎಫ್.ಎಂ. ವಿಧಾನದಲ್ಲಿ, ಅದು ಎಷ್ಟೋ ಪಾಲು ಸ್ವಚ್ಛ, ಎಷ್ಟೋ ಪಾಲು ತುಂಬಿದ ದನಿ. ಅಂದರೆ ಆಕಾಶದಿಂದ ನಮ್ಮ ಮಹಡಿಯ ಆಂಟೆನಾದವರೆಗೆ ಟೀವಿಯ ದನಿ ರೇಡಿಯೋದ ದನಿಗಿಂತ ಚೆನ್ನಾಗಿಯೇ ಬರುತ್ತಿತ್ತು. ಕೆಟ್ಟದ್ದು ಮನೆಯೊಳಗೆ ಬಂದಮೇಲೆ. ಮುಂಭಾಗವನ್ನೆಲ್ಲ ಚಿತ್ರದ ಕೊಳವೆ ನುಂಗಿಕೊಂಡಿತ್ತು. ಉಳಿದ ಮೂಲೆಯಲ್ಲೋ, ಪಕ್ಕದಲ್ಲೋ ಅಂಗೈಯಗಲದ ಒಂದು ಸ್ಪೀಕರು. ಅದು ನಮ್ಮ ಕಡೆಗಲ್ಲ, ಗೋಡೆಯ ಕಡೆಗೆ ಮುಖಮಾಡಿ ಮಾತಾಡುತ್ತಿತ್ತು. ಅಂಗಡಿಯಲ್ಲಿ ಟೀವಿ ಕೊಳ್ಳುವವರು ಚಿತ್ರ ನೋಡಿ ಕೊಳ್ಳುತ್ತಿದ್ದರೇ ಹೊರತು ಕಣ್ಣು ಮುಚ್ಚಿಕೊಂಡು ಕೇಳಿ ಕೊಳ್ಳುತ್ತಿದ್ದವರನ್ನು ನಾನು ಕಂಡಿಲ್ಲ. ಯಾರೂ ಕೇಳದ ವಸ್ತುವಿಗೆ ಯಾರು ದುಡ್ಡು ಹಾಕುತ್ತಾರೆ?

ಸದ್ದು ದೊಡ್ಡದಾದರೆ ಮಾತು ತಿಳಿಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಅ, ಆ, ಓ ಮುಂತಾದ ಸ್ವರಗಳಲ್ಲಿ ಬಲವಿದೆ. ಅವು ತಗ್ಗಿನ ನಾದಗಳು, ಗೋಡೆ ಸುತ್ತಿಕೊಂಡಾದರೂ ಬರುತ್ತವೆ. ಸ, ಶ, ತ, ಪ, ಕ ಮುಂತಾದ ವ್ಯಂಜನಗಳು ಮೆಲುವಾದವು, ತೀಕ್ಷ್ಣವಾದವು. ಅವು ನೇರ ಹೋಗುತ್ತವೆ, ಗೋಡೆ ತಿರುವಿಗೆ ಬಂದರೆ ಬಿದ್ದುಹೋಗುತ್ತವೆ. ಆದರೆ ಮಾತಿನ ಅರ್ಥವಿರುವುದು ಹೆಚ್ಚಾಗಿ ಅವುಗಳಲ್ಲೇ. 'ಪಾಪ' ಎಂದನೋ 'ತಾತ' ಎಂದನೋ ಎಂದು ತಿಳಿಸುವುದು ಆ ಪುಟ್ಟ ಅಕ್ಷರಗಳೇ. ವಯಸ್ಸಾದಂತೆ ನಮ್ಮ ಕಿವಿಯೂ ಮೊದಲು ಕಳೆದುಕೊಳ್ಳುವುದು ಈ ತೀಕ್ಷ್ಣ ನಾದಗಳನ್ನು. ಹಾಗಾಗಿ ಅಡುಗೆಮನೆಯಲ್ಲಿರುವ ಸೊಸೆಗೂ ನಡುಮನೆಯಲ್ಲೇ ಕೂತ ಮುದುಕಿಗೂ ಒಂದೇ ಕಷ್ಟ. ವಾಲ್ಯೂಮ್ ಎಷ್ಟು ತಿರುಗಿಸಿದರೂ ಗುಂಯ್‌ಗುಡುವಿಕೆ ದೊಡ್ಡದಾಗುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ.

ನನ್ನ ಅತ್ತೆಯ ದೂರೂ ಅದೇ ಆಗಿತ್ತು. ತುಮಕೂರಿನ ನಮ್ಮ ಮನೆಗೆ 1985ರಲ್ಲಿ ಟೀವಿ ಬಂತು, ಕಪ್ಪುಬಿಳುಪಿನದು, ಮರದ ಬಾಗಿಲುಗಳನ್ನು ಎಳೆದು ಬೀಗ ಹಾಕುವಂಥದ್ದು. 1988ರ ಅಕ್ಟೋಬರ್ 2ರಂದು 'ಮಹಾಭಾರತ' ಶುರುವಾದ ಮೇಲೆ ಭಾನುವಾರದ ಬೆಳಗು ಎಂದರೆ ಮನೆ ತುಂಬ ಜನ. ಅಕ್ಕಪಕ್ಕದವರು, ಅವರ ಮನೆಗೆ ಬಂದ ನೆಂಟರು, ಬಾಗಿಲಲ್ಲಿ ಚಪ್ಪಲಿಯ ರಾಶಿ. ಬಂದವರಿಗೆ ಕಾಫಿ, ಮನೆಯವರಿಗೆ ತಿಂಡಿ. ನಾನೂ ಅತ್ತೆಯೂ ಒಲೆಯ ಮುಂದೆ. ಅತ್ತೆಗೆ ಹಿಂದಿ ಬಾರದು. ಆದರೆ ಚಿಕ್ಕಂದಿನಿಂದ ಗಮಕ ಕೇಳಿ ಬೆಳೆದವರು, ಕಥೆಯನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರಿಗೆ ಬೇಕಿದ್ದುದು ದನಿ. ಆ ಧಾರಾವಾಹಿಯಲ್ಲಿ ಕಾಲಪುರುಷನೇ ಕಥೆ ಹೇಳುತ್ತಾನಲ್ಲ, ಹರೀಶ್ ಭಿಮಾನಿಯವರ ಕಂಠದಲ್ಲಿ. ಆ ಪಾತ್ರಕ್ಕೆ ಮುಖವೇ ಇರಲಿಲ್ಲ, ಬರೀ ದನಿ. ಅದನ್ನು ಕೇಳಲು ಕಣ್ಣು ಬೇಕಿರಲಿಲ್ಲ. ನಮಗೆ ಕೇಳಿಸುತ್ತಿದ್ದುದು ಮಾತ್ರ ಬಾಣ ಬಿಟ್ಟ ಸದ್ದು, ಶಂಖದ ಸದ್ದು, ನಡುವೆ ಒಂದು ಗುಂಯ್. "ಊರೆಲ್ಲ ಕೇಳೋ ಹಾಗೆ ಇಟ್ಟಿದಾರೆ, ನಮಗೊಂದಕ್ಷರ ತಿಳಿಯಲ್ವಲ್ಲೇ," ಎನ್ನುತ್ತಿದ್ದರು ಅತ್ತೆ, ಸೆರಗಿನಲ್ಲಿ ಬೆವರು ಒರೆಸಿಕೊಂಡು.

ಆಗ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದ ನನ್ನ ಮೈದುನ ಒಂದು ದಿನ ಬಂದು, "ಅತ್ತಿಗೆ, ಅಟ್ಟದ ಮೇಲಿನ ನೀರಿನ ಮಡಕೆ ಕೊಡಿ," ಎಂದ. ಆ ಕಾಲದ ಹಾಸ್ಟೆಲ್ ಹುಡುಗರ ವಿದ್ಯೆ ಇದು. ಹಳೆಯ ರೇಡಿಯೋದ ಸ್ಪೀಕರನ್ನು ಮಡಕೆಯ ಬಾಯಿಗೆ ಕೂರಿಸಿಬಿಡುವುದು. ಹುಡುಗಾಟದಂತೆ ಕಂಡರೂ ಅದರಲ್ಲಿ ಲೆಕ್ಕವಿದೆ. ಸ್ಪೀಕರಿನ ಕಾಗದ ಮುಂದೆ ಗಾಳಿಯನ್ನು ತಳ್ಳಿದಾಗ ಹಿಂದೆ ಅದೇ ಗಾಳಿಯನ್ನು ಎಳೆಯುತ್ತದೆ. ಹಿಂದಿನದೂ ಮುಂದಿನದೂ ಕಲೆತರೆ ತಗ್ಗಿನ ನಾದಗಳು ಒಂದನ್ನೊಂದು ತಿಂದುಹಾಕುತ್ತವೆ. ಅವೆರಡನ್ನೂ ಬೇರೆ ಇಡಲೆಂದೇ ಸ್ಪೀಕರಿಗೆ ಪೆಟ್ಟಿಗೆ ಬೇಕು. ಬಡವರ ಪೆಟ್ಟಿಗೆ ಮಡಕೆ. ಮಡಕೆಗೆ ಅದರದೇ ಆದ ಒಂದು ಗುಂಕಾರವಿರುತ್ತದೆ. ಅದನ್ನು ಅಡಗಿಸಲು ಒಳಗೆ ಹಳೆಯ ದಿಂಬಿನ ಹತ್ತಿ ತುಂಬಿದ.

ಟೀವಿಗೆ ತಂತಿ ಹಾಕುವ ಕೆಲಸವನ್ನು ಮಾತ್ರ ಅವನಿಗೆ ಬಿಡಲಿಲ್ಲ, ಪೇಟೆಯಿಂದ ಮೆಕ್ಯಾನಿಕ್ಕನ್ನೇ ಕರೆಸಿದೆವು. ಆ ಕಾಲದ ಎಷ್ಟೋ ಟೀವಿಗಳಲ್ಲಿ ಒಳಗಿನ ಲೋಹದ ಚೌಕಟ್ಟಿಗೇ ಮನೆಯ ಕರೆಂಟು ನೇರವಾಗಿ ತಗುಲಿಕೊಂಡಿರುತ್ತಿತ್ತು. ಅಲ್ಲಿಂದ ಬರಿಯ ತಂತಿ ಎಳೆದು ತಂದರೆ ಅಡುಗೆಮನೆಗೆ ದನಿಯ ಜೊತೆ ಸಾವೂ ಬರುತ್ತಿತ್ತು. ಆತ ನಡುವೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರು ಹಾಕಿ, "ಅಮ್ಮಾ, ಇದರ ಹಿಂದಕ್ಕೆ ಯಾರೂ ಕೈ ಹಾಕ್ಬೇಡಿ," ಎಂದು ಹೇಳಿ, ಅಡುಗೆಮನೆಯ ಗೋಡೆಯಲ್ಲಿ ಪ್ರತ್ಯೇಕವಾಗಿ ಒಂದು ವಾಲ್ಯೂಮ್ ಗುಂಡಿಯನ್ನೂ ಕೂರಿಸಿಕೊಟ್ಟ. ನಮ್ಮ ಮಾವನವರಿಗೆ ಇದೆಲ್ಲ ವಿನೋದವಾಗಿ ಕಂಡಿತು. "ಅಡುಗೆಮನೆಗೆ ಸ್ಪೀಕರ್ರೇ? ಸಾರು ಹಾಡು ಕೇಳುತ್ತೇನು?" ಎಂದರು. ಅತ್ತೆ ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದರು: "ಸಾರು ಕೇಳಲ್ಲ. ಸಾರು ಮಾಡೋರು ಕೇಳ್ತಾರೆ."

ಆ ಮಡಕೆ ಬೇಳೆ ಡಬ್ಬಿಗಳ ನಡುವೆ ಕುಳಿತು ಎಷ್ಟೋ ವರ್ಷ ಮಾತಾಡಿತು. ಸದ್ದು ದೊಡ್ಡದೇನೂ ಇರಲಿಲ್ಲ. ಆದರೆ ಎರಡು ಮಾರು ದೂರದಿಂದ ನೇರವಾಗಿ ಬರುತ್ತಿದ್ದುದರಿಂದ ಪ್ರತಿ ಅಕ್ಷರವೂ ತಿಳಿಯುತ್ತಿತ್ತು. ಕನ್ನಡ ವಾರ್ತೆ, 'ಚಿತ್ರಮಂಜರಿ'ಯ ಹಾಡು, ಸಿನಿಮಾದ ಸಂಭಾಷಣೆ ಎಲ್ಲ ನಮ್ಮ ಪಾಲಿಗೂ ಬಂತು. ಕುಕ್ಕರ್ ಕೂಗಿದಾಗ ಜೋರು ಮಾಡುವುದು, ಕೂಗು ನಿಂತಾಗ ತಗ್ಗಿಸುವುದು. ಆ ಗುಂಡಿ ಹೆಂಗಸರ ಕೈಗೆ ಬಂದ ಮೊದಲ ಗುಂಡಿ. ಅತ್ತೆ ಅದನ್ನು ತಿರುಗಿಸುತ್ತಿದ್ದ ಠೀವಿಯನ್ನು ನೀವು ನೋಡಬೇಕಿತ್ತು.

ಎರಡು ಸ್ಪೀಕರುಗಳ ವಿದ್ಯೆಯ ಹಿಂದೆಯೂ ಒಬ್ಬ ಗಂಡ ಹೆಂಡತಿಯ ಕಥೆಯಿದೆ. ಇಂಗ್ಲೆಂಡಿನ ಇ.ಎಂ.ಐ. ಕಂಪನಿಯಲ್ಲಿ ಅಲನ್ ಬ್ಲಮ್ಲೈನ್ ಎಂಬ ಇಂಜಿನಿಯರಿದ್ದ. ಒಮ್ಮೆ, ಮುಂದೆ ತನ್ನ ಹೆಂಡತಿಯಾದ ಡೊರೀನ್ ಜೊತೆ ಸಿನಿಮಾಕ್ಕೆ ಹೋಗಿದ್ದಾಗ ಅವನಿಗೊಂದು ಸಂಗತಿ ಕಿರಿಕಿರಿ ಮಾಡಿತಂತೆ. ಪಾತ್ರಧಾರಿ ಪರದೆಯ ಈ ತುದಿಯಿಂದ ಆ ತುದಿಗೆ ನಡೆದರೂ ಅವನ ಮಾತು ಮಾತ್ರ ಒಂದೇ ಸ್ಪೀಕರಿನಿಂದ, ಒಂದೇ ಜಾಗದಿಂದ ಬರುತ್ತಿದೆಯಲ್ಲ ಎಂದು. ಇದಕ್ಕೊಂದು ದಾರಿಯಿದೆ ಎಂದು ಆಕೆಗೆ ಹೇಳಿದ ಅವನು 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ನಾವೀಗ ಸ್ಟೀರಿಯೋ ಎನ್ನುವುದು ಅದನ್ನೇ. ಅದೇ ಬ್ಲಮ್ಲೈನ್ 1936ರಲ್ಲಿ ಬಿ.ಬಿ.ಸಿ. ಟೀವಿ ಪ್ರಸಾರಕ್ಕೆ ಬಂದ 405 ಗೆರೆಗಳ ವ್ಯವಸ್ಥೆಯನ್ನು ಕಟ್ಟಿದವರಲ್ಲೂ ಒಬ್ಬ. ಅಂದರೆ ಒಳ್ಳೆಯ ದನಿಯೂ ಟೀವಿಯೂ ಒಂದೇ ತಲೆಯಲ್ಲಿ ಜೊತೆಯಾಗಿದ್ದವು. ಆದರೂ ಅವೆರಡೂ ಮನೆಯೊಳಗೆ ಒಟ್ಟಿಗೆ ಬರಲು ಬಹಳ ಕಾಲ ಹಿಡಿಯಿತು. ಟೀವಿಯಲ್ಲಿ ಸ್ಟೀರಿಯೋ ಪ್ರಸಾರ ಶುರುವಾದದ್ದು ಜಪಾನಿನಲ್ಲಿ 1978ರಲ್ಲಿ, ಪಶ್ಚಿಮ ಜರ್ಮನಿಯಲ್ಲಿ 1981ರಲ್ಲಿ, ಅಮೆರಿಕದಲ್ಲಿ 1984ರಲ್ಲಿ. ಅದನ್ನು ನೋಡಲು ಬ್ಲಮ್ಲೈನ್ ಇರಲಿಲ್ಲ. 1942ರಲ್ಲಿ, ಯುದ್ಧಕಾಲದ ರಾಡಾರ್ ಪರೀಕ್ಷೆಯ ವಿಮಾನ ಬಿದ್ದು ತೀರಿಕೊಂಡ. ವಯಸ್ಸು ಇನ್ನೂ ಮೂವತ್ತೆಂಟು.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯಲ್ಲೂ ಬಣ್ಣದ ಟೀವಿಗಳು ಹೆಚ್ಚಿದವು, ಕೇಬಲ್ ಬಂತು, 1994ರಲ್ಲಿ ಉದಯ ಬಂತು. ಟೀವಿಯ ಹಿಂದೆ ಕೆಂಪು, ಬಿಳಿ, ಹಳದಿ ತೂತುಗಳು ಕಾಣಿಸಿಕೊಂಡವು. ಅಲ್ಲಿಂದ ಟೇಪ್‌ರೆಕಾರ್ಡರಿಗೆ ತಂತಿ ಕೊಟ್ಟು ದನಿ ಕೇಳುವುದು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಆಂಪ್ಲಿಫೈಯರ್ ಕಟ್ಟಿಸುವುದು ಶುರುವಾಯಿತು. ಪಕ್ಕದ ಮನೆಯ ಹುಡುಗನೊಬ್ಬ ಹೊಸ ಸ್ಪೀಕರನ್ನು ಬಣ್ಣದ ಟೀವಿಗೆ ಒತ್ತಿ ಇಟ್ಟ ಮರುಕ್ಷಣವೇ ಪರದೆಯ ಮೂಲೆಯಲ್ಲಿದ್ದ ನಾಯಕಿಯ ಕೆನ್ನೆ ಹಸಿರಾಯಿತು. ಸ್ಪೀಕರಿನ ಅಯಸ್ಕಾಂತ ಕೊಳವೆಯೊಳಗಿನ ಎಲೆಕ್ಟ್ರಾನುಗಳ ದಾರಿ ತಪ್ಪಿಸಿ, ಕೆಂಪಿಗೆ ಬೀಳಬೇಕಾದದ್ದನ್ನು ಹಸಿರಿಗೆ ಬೀಳಿಸಿತ್ತು. ಮೆಕ್ಯಾನಿಕ್ ಬಂದು ಬಳೆಯಾಕಾರದ ದೊಡ್ಡ ಸುರುಳಿಯೊಂದನ್ನು ಪರದೆಯ ಮುಂದೆ ನಿಧಾನವಾಗಿ ಸುತ್ತಿಸಿ ಸರಿಮಾಡಿದ. ಟೀವಿಗೆ ಆರತಿ ಎತ್ತಿ ದೃಷ್ಟಿ ತೆಗೆದ ಹಾಗೇ ಇತ್ತು.

ಆಮೇಲಿನದು ಗುಡುಗಿನ ಕಾಲ. ಒಂದು ದೊಡ್ಡ ಪೆಟ್ಟಿಗೆ, ಐದು ಮರಿಗಳು, ಹೋಂ ಥಿಯೇಟರ್ ಎಂಬ ಹೆಸರು. ಗಂಡಸರ ಮಾತಿನಲ್ಲಿ ಬರೀ ವಾಟ್ಸಿನ ಲೆಕ್ಕ. ಗಾಜಿನ ಬೀರುವಿನ ಲೋಟಗಳು ನಡುಗಿದರೆ ಅದು ಒಳ್ಳೆಯ ದನಿ. ಮಾತು ತಿಳಿಯಿತೇ ಎಂದು ಯಾರನ್ನೂ ಕೇಳುವವರಿರಲಿಲ್ಲ. ಆದರೆ ಆ ಐದು ಮರಿಗಳಲ್ಲಿ ನಡುವಿನದಕ್ಕೆ ಒಂದು ಮುಖ್ಯ ಕೆಲಸವಿದೆ ಎಂಬುದನ್ನು ನಾವು ತಿಳಿದುಕೊಂಡಿರಬೇಕು. ಸಿನಿಮಾದ ಸಂಭಾಷಣೆಯ ಹೆಚ್ಚಿನ ಭಾಗ ಬರುವುದು ಅದರಿಂದಲೇ. ಉಳಿದವು ಮಳೆಗೆ, ಕುದುರೆಗೆ, ಹಿನ್ನೆಲೆ ಸಂಗೀತಕ್ಕೆ.

ಈಗ ಕೊಳವೆ ಹೋಯಿತು, ಅದರೊಂದಿಗೆ ಅಯಸ್ಕಾಂತದ ಭಯವೂ ಹೋಯಿತು. ಸ್ಪೀಕರಿಗಿದ್ದ ಅಷ್ಟಿಷ್ಟು ಜಾಗವೂ ಹೋಯಿತು. ಗೋಡೆಗೆ ಅಂಟಿಕೊಂಡ ಹಲಗೆಯ ಕೆಳಗಡೆಯಿಂದಲೋ ಹಿಂದುಗಡೆಯಿಂದಲೋ ದನಿ ಬರುತ್ತದೆ, ಮತ್ತೆ ಗೋಡೆಯ ಜೊತೆಗೇ ಸಂವಾದ. ಐದು ಕಡೆಯಿಂದ ಬರಬೇಕೆಂದು ಬೆರೆಸಿದ ದನಿಯನ್ನು ಎರಡು ಬೆರಳಗಲದ ಸ್ಪೀಕರುಗಳಿಗೆ ಹಿಂಡಿದರೆ ಮಾತು ಸಂಗೀತದಲ್ಲಿ ಮುಳುಗದೆ ಇನ್ನೇನಾದೀತು? ನಮ್ಮ ಮನೆಗಳೂ ಬದಲಾಗಿವೆ. ಹಾಸಿಗೆಯ ಸುರುಳಿ, ಹಗ್ಗದ ಮೇಲಿನ ಸೀರೆಗಳು ಮೊದಲು ಪ್ರತಿಧ್ವನಿಯನ್ನು ಕುಡಿಯುತ್ತಿದ್ದವು. ಈಗ ಎಲ್ಲೆಲ್ಲೂ ಟೈಲ್ಸ್, ಗ್ರಾನೈಟು, ಗಾಜು. ಒಂದು ಮಾತಿಗೆ ನಾಲ್ಕು ಮಾತು ಮರುಳುತ್ತದೆ.

ಹಾಗಾದರೆ ಮಾಡುವುದೇನು? ದುಬಾರಿಯದೇನೂ ಬೇಕಿಲ್ಲ. ಟೀವಿಯ ಕೆಳಗೆ ಇಡುವ ಸೌಂಡ್‌ಬಾರ್ ಎಂಬ ಉದ್ದ ಪೆಟ್ಟಿಗೆಯೋ, ಎರಡು ಸಾಮಾನ್ಯ ಸ್ಪೀಕರುಗಳೋ ಸಾಕು; ಅವು ನಮ್ಮ ಕಡೆಗೆ ಮುಖಮಾಡಿರಬೇಕು, ಕೂತವರ ಕಿವಿಯ ಮಟ್ಟಕ್ಕೆ ಹತ್ತಿರವಿರಬೇಕು. ಶೋಕೇಸಿನ ಒಳಗೆ ತಳ್ಳಿ ಮುಂದೆ ಗೊಂಬೆ ಜೋಡಿಸಬಾರದು. ಎದುರಿನ ಗೋಡೆಗೆ ದಪ್ಪ ಪರದೆ, ನೆಲಕ್ಕೊಂದು ಜಮಖಾನ ಹಾಕಿದರೆ ಅರ್ಧ ಕೆಲಸವಾದಂತೆ. ಗುಡುಗನ್ನು ತಗ್ಗಿಸಿ ತೀಕ್ಷ್ಣ ನಾದವನ್ನು ಏರಿಸಿ. ಮಾತನ್ನು ಎತ್ತಿಕೊಡುವ ಗುಂಡಿಯಿದ್ದರೆ ಅದನ್ನು ಒತ್ತಿ. ತಂತಿಯಿಲ್ಲದ ಬ್ಲೂಟೂತ್ ಸ್ಪೀಕರನ್ನು ಅಡುಗೆಮನೆಗೆ ಒಯ್ಯುವುದು ಈಗ ಸುಲಭ. ಕೆಲವೊಮ್ಮೆ ದನಿ ತುಟಿಗಿಂತ ಒಂದು ಗಳಿಗೆ ಹಿಂದೆ ಬೀಳುತ್ತದೆ, ಆದರೆ ಪರದೆಯೇ ಕಾಣದವರಿಗೆ ಅದರ ಬಾಧೆಯಿಲ್ಲ.

ಇನ್ನೊಂದು ಮಾತು. ಅಂಗಡಿಗೆ ಹೋಗುವಾಗ ಮನೆಯ ಹಿರಿಯ ಹೆಂಗಸನ್ನು ಕರೆದುಕೊಂಡು ಹೋಗಿ. ಅಂಗಡಿಯವನು ಯುದ್ಧದ ಸಿನಿಮಾ ಹಾಕಿ ನೆಲ ನಡುಗಿಸುತ್ತಾನೆ. ಅದು ಬೇಡ ಎನ್ನಿ. ಕನ್ನಡ ವಾರ್ತೆ ಹಾಕಿಸಿ, ವಾಲ್ಯೂಮ್ ತಗ್ಗಿಸಿ, ಆಕೆಗೆ ಕಣ್ಣು ಮುಚ್ಚಿಕೊಂಡು ಕೇಳಲು ಹೇಳಿ. ವಾರ್ತೆಯಲ್ಲಿ ಬಂದ ಊರುಗಳ ಹೆಸರನ್ನು ಆಕೆ ತಪ್ಪಿಲ್ಲದೆ ಹೇಳಿದರೆ ಆ ಸ್ಪೀಕರಿಗೆ ದುಡ್ಡು ಕೊಡಿ.